ಸೇತುವೆಗಿಂತ ಮೂರು ಬೆರಳು ಎತ್ತರ

ಪರದೇಶಕ್ಕೆ ಬಂದ ಗಂಡಸು ತನ್ನ ಊರಿನ ಹೊಳೆಯನ್ನು ನೆನೆದು ಕಣ್ಣೊರೆಸಿಕೊಳ್ಳುವುದು ಲೋಕರೂಢಿ. ಹೆಂಡತಿಯ ಊರಿನ ಹೊಳೆಯನ್ನು ನೆನೆದು ಕೊರಗುವ ಗಂಡಸು ಇಡೀ ಬಹರೈನಿನಲ್ಲಿ ಒಬ್ಬನೇ ಇದ್ದ. ಅವನೇ ರಿಫಾದ ಮೌರಿಸ್.

ಮೌರಿಸ್ ಹುಟ್ಟಿ ಬೆಳೆದದ್ದು ಕಾರ್ಕಳದ ಬಂಡೆಗಳ ನಡುವೆ. ಅಲ್ಲಿ ನೀರೆಂದರೆ ಬಾವಿ, ಅದೂ ಎಪ್ರಿಲ್ ತನಕ. ಆದರೆ ಹೆಂಡತಿ ಕ್ಲೊಟಿಲ್ಡಾಳ ತವರು ಕಲ್ಯಾಣಪುರದ ಹತ್ತಿರ ಹೊಳೆಯ ನಡುವಿನ ಒಂದು ಕುದ್ರು. ಸುತ್ತ ನೀರು, ದೋಣಿ ಇಲ್ಲದೆ ಬೀಗರೂ ಬರುವಂತಿಲ್ಲ (ಅದೇ ಆ ಊರಿನ ದೊಡ್ಡ ಸುಖ ಎಂದು ಮಾವ ಹೇಳುತ್ತಿದ್ದರು). ಜನರನ್ನು ಹೊಳೆ ದಾಟಿಸುವ ಕಡವಿನ ದೋಣಿ ನಡೆಸುತ್ತಿದ್ದವರು ಮಾವನೇ. ಹೊಸ ಅಳಿಯನನ್ನು ಒಂದು ಸಂಜೆ ಅವರು ದೋಣಿಯಲ್ಲಿ ಕೂರಿಸಿ ಹೊಳೆಯ ತಿರುವಿನವರೆಗೆ ಕರೆದೊಯ್ದರು. ಅಂದು ನೀರಿಗೆ ಬಿದ್ದ ಮೌರಿಸನ ಮನಸ್ಸು ಮತ್ತೆ ದಡಕ್ಕೆ ಬರಲಿಲ್ಲ. (ದೇಹ ಬೀಳಲಿಲ್ಲ. ಅವನಿಗೆ ಈಜು ಬಾರದು.)

ಅದಾಗಿ ಇಪ್ಪತ್ತೆರಡು ವರ್ಷ. ಕಟ್ಟಡ ಸಾಮಗ್ರಿಯ ಕಂಪನಿಯೊಂದರ ಗೋದಾಮು ನೋಡಿಕೊಳ್ಳುತ್ತ, ಸಿಮೆಂಟಿನ ಧೂಳಿನ ನಡುವೆ ಅವನು ಆ ಹೊಳೆಯನ್ನೇ ಧ್ಯಾನಿಸಿದ. ಅಲ್ಲೇ ಹುಟ್ಟಿದ ಕ್ಲೊಟಿಲ್ಡಾ ಮಾತ್ರ ಅದರ ಸುದ್ದಿ ಎತ್ತಿದವಳಲ್ಲ.

"ಎಂತ ಹೊಳೆ ಹೊಳೆ ಅಂತ?" ಎನ್ನುತ್ತಿದ್ದಳು. "ಮಳೆಗಾಲದಲ್ಲಿ ಪುಸ್ತಕ ತಲೆ ಮೇಲೆ, ಲಂಗ ಮೊಣಕಾಲಿನ ಮೇಲೆ. ಶಾಲೆಗೆ ಹೋದರೂ ಕೆಸರು, ಬಂದರೂ ಕೆಸರು. ಬಾಗಿಲಿಗೆ ಕಾರು ಬರುವ ಮನೆ ಬೇಕು ಅಂತಲೇ ನಾನು ನಿಮ್ಮನ್ನು ಕಟ್ಟಿಕೊಂಡದ್ದು."

ಎರಡು ಸಾವಿರದ ಒಂಬತ್ತರಲ್ಲಿ ಕಂಪನಿಯ ಬ್ರಿಟಿಷ್ ಮ್ಯಾನೇಜರ್ ನಿವೃತ್ತನಾಗಿ ಹೊರಟ. ಹೋಗುವ ಮುನ್ನ ಮೌರಿಸನಿಗೆ ಒಂದು ಆಲ್ಬಂ ತೋರಿಸಿದ. ಅವನ ದೇಶದ ಕಾಲುವೆಯಲ್ಲಿ ತೇಲುವ ಉದ್ದನೆಯ ದೋಣಿ. ಅಗಲ ಏಳಡಿ, ಉದ್ದ ಐವತ್ತಡಿಗೂ ಹೆಚ್ಚು. ಒಳಗೆ ಹಾಸಿಗೆ, ಒಲೆ, ಕಪಾಟು. ಮಾಡಿನ ಮೇಲೆ ಹೂವಿನ ಕುಂಡಗಳು. ಎರಡು ಮೂರು ವರ್ಷಕ್ಕೊಮ್ಮೆ ಅದನ್ನು ನೀರಿನಿಂದ ಎತ್ತಿ, ತಳ ಕೆರೆದು, ಡಾಂಬರು ಬಳಿಯಬೇಕಂತೆ. ಇನ್ನು ಅದರಲ್ಲೇ ವಾಸವಂತೆ. ನಡೆಯುವವನ ವೇಗದಲ್ಲಿ ಪ್ರಯಾಣವಂತೆ.

ಮೌರಿಸನಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಬಾಯಿಬಿಟ್ಟ.

"ಕ್ಲೊಟ್ಟೀ, ನಾವೂ ಒಂದು ಅಂಥ ದೋಣಿ ಮಾಡುವ. ನೀನು, ನಾನು, ಒಂದು ಕೆಟ್ಲು ಚಹಾ. ಬೇರೆ ಯಾರೂ ಇಲ್ಲ."

"ಬಚ್ಚಲಿನ ನಲ್ಲಿ ಆರು ತಿಂಗಳಿಂದ ಸೋರುತ್ತಾ ಉಂಟು. ನಿಮ್ಮ ನೀರಿನ ವಿದ್ಯೆ ಮೊದಲು ಅಲ್ಲಿಂದ ಶುರುವಾಗಲಿ."

ನಲ್ಲಿ ಸೋರುತ್ತಲೇ ಇತ್ತು. ಮೌರಿಸ್ ಟುಬ್ಲಿಗೆ ಹೋದ. ಅಲ್ಲಿ ಉಳ್ಳಾಲದ ಇಸ್ಮಾಯಿಲನ ಗ್ಯಾರೇಜಿನ ಹಿಂದೆ ಇಪ್ಪತ್ತನಾಲ್ಕು ಅಡಿಯ ಹಳೆ ಫೈಬರ್ ದೋಣಿಯೊಂದು ಮಗುಚಿ ಬಿದ್ದಿತ್ತು. ಎಂಜಿನ್ ಇಲ್ಲ, ತಳದಲ್ಲಿ ಎರಡು ತೂತು, ಒಳಗೆ ಬೆಕ್ಕಿನ ಬಾಣಂತನ.

"ಮೌರಿಸಣ್ಣ, ಇದರ ಮಾಲಕ ಬಿಟ್ಟು ಹೋಗಿ ಐದು ವರ್ಷ ಆಯ್ತು," ಎಂದ ಇಸ್ಮಾಯಿಲ್. "ನೀವು ತಕೊಂಡರೆ ದೇವರು ನಿಮಗೂ ಒಳ್ಳೆಯದು ಮಾಡ್ತಾನೆ, ನನಗೂ ಎರಡು ಗಾಡಿ ನಿಲ್ಲಿಸಲಿಕ್ಕೆ ಜಾಗ ಆಗ್ತದೆ."

ಹೀಗೆ ಅಕ್ಟೋಬರಿನಲ್ಲಿ ಜೀರ್ಣೋದ್ಧಾರ ಆರಂಭವಾಯಿತು. ಪ್ರತಿ ಶುಕ್ರವಾರ (ಅಲ್ಲಿ ಅದೇ ವಾರದ ರಜೆ) ಚರ್ಚಿನ ಬೆಳಗಿನ ಪೂಜೆ ಮುಗಿಸಿ ಮೌರಿಸ್ ಟುಬ್ಲಿಗೆ ಓಡುತ್ತಿದ್ದ. ಬೆಕ್ಕಿನ ಸಂಸಾರವನ್ನು ಗೌರವದಿಂದ ಸ್ಥಳಾಂತರಿಸಿದ. ತಳ ಉಜ್ಜಿದ, ಫೈಬರಿನ ಪುಡಿ ಅಂಗಿಯೊಳಗೆ ಹೊಕ್ಕು, ವಾರವಿಡೀ ಗೋದಾಮಿನಲ್ಲಿ ಮೈ ಕೆರೆದುಕೊಳ್ಳುತ್ತ ರಸೀದಿಗೆ ಸಹಿ ಹಾಕಿದ. ತೂತು ಮುಚ್ಚಿ, ದೋಣಿಯ ಮೇಲೆ ಪ್ಲೈವುಡ್ಡಿನ ಕೋಣೆ ಎಬ್ಬಿಸತೊಡಗಿದ. ಅದಕ್ಕೆ ಎರಡು ಕಿಟಕಿ. ಕಿಟಕಿಗೆ ಪರದೆ. (ಮಲಗುವ ಕೋಣೆಯ ಪರದೆ ಎಲ್ಲಿ ಹೋಯಿತೆಂದು ಮನೆಯಲ್ಲಿ ನಡೆದ ವಿಚಾರಣೆಯ ವಿವರ ಇಲ್ಲಿ ಬೇಡ.)

ಹನ್ನೊಂದನೆಯ ಶುಕ್ರವಾರ ಗ್ಯಾರೇಜಿನ ಮುಂದೆ ಟ್ಯಾಕ್ಸಿ ನಿಂತಿತು. ಇಳಿದವಳು ಕ್ಲೊಟಿಲ್ಡಾ. ಪರದೆ ಒಯ್ಯಲು ಬಂದಳೆಂದು ಮೌರಿಸ್ ಕಿಟಕಿಗೆ ಅಡ್ಡ ನಿಂತ. ಅವಳು ಪರದೆಯ ಕಡೆ ನೋಡಲಿಲ್ಲ.

"ಅಣ್ಣ ಫೋನ್ ಮಾಡಿದ್ದ," ಎಂದಳು. "ಕುದ್ರುವಿಗೆ ಸೇತುವೆ ಆಗಿ ವರ್ಷ ಆಯ್ತಲ್ಲ. ಅಪ್ಪನ ದೋಣಿ ಅಂಗಳದಲ್ಲಿ ಸುಮ್ಮನೆ ಬಿದ್ದಿತ್ತಂತೆ. ಕೊಯ್ದು ಬಚ್ಚಲಿನ ಒಲೆಗೆ ಹಾಕಿದ."

ಮೌರಿಸ್ ಕಿಟಕಿ ಬಿಟ್ಟು ಪಕ್ಕಕ್ಕೆ ಸರಿದ.

"ಎಂಟು ದಿನದ ಬಿಸಿನೀರು ಆಯ್ತಂತೆ," ಎಂದಳು ಕ್ಲೊಟಿಲ್ಡಾ.

ದೋಣಿಯ ಪಕ್ಕಕ್ಕೆ ಹೋಗಿ ಅಂಗೈಯಿಂದ ಅದರ ಮೈ ಸವರಿದಳು. ಆಮೇಲೆ ಗಂಡನ ಕೈಯಿಂದ ಮರಳುಕಾಗದ ಕಿತ್ತುಕೊಂಡಳು. "ಹೀಗೆ ಅಡ್ಡಡ್ಡ ಉಜ್ಜುವುದಾ? ನೀರು ಹೋಗುವುದು ಉದ್ದಕ್ಕೆ. ಉದ್ದಕ್ಕೆ ಉಜ್ಜಬೇಕು."

ಅಂದಿನಿಂದ ಟುಬ್ಲಿಗೆ ಇಬ್ಬರೂ ಹೋಗತೊಡಗಿದರು. ಜಗಳ ರಿಫಾದಲ್ಲಿ ನಿಂತು ಟುಬ್ಲಿಯಲ್ಲಿ ಮುಂದುವರಿಯಿತು.

"ಈ ಕೋಣೆ ಎತ್ತರ ಆಯ್ತು. ಒಂದಡಿ ಇಳಿಸಿ."

"ಒಳಗೆ ನಿಂತು ಚಹಾ ಮಾಡಬೇಕಲ್ಲ!"

"ಕೂತು ಮಾಡಿದರೆ ಚಹಾ ಕುದಿಯುವುದಿಲ್ಲವಾ?"

ಈ ಒಂದು ವಿಷಯದಲ್ಲಿ ಮೌರಿಸ್ ಗೆದ್ದ. ದಾಂಪತ್ಯದಲ್ಲಿ ಅವನಿಗೆ ಗೆಲುವು ಅಪರೂಪ. ಅದಕ್ಕೇ ಅದರ ಬೆಲೆ ಅವನಿಗೆ ಗೊತ್ತಿರಲಿಲ್ಲ.

ಬಹರೈನಿನಲ್ಲಿ ಹೊಳೆ ಇಲ್ಲ. ಆದರೆ ಸಮುದ್ರ ತುಂಬಿಸಿ ಕಟ್ಟಿದ ಹೊಸ ಬಡಾವಣೆಯೊಂದರಲ್ಲಿ ವಿಲ್ಲಾಗಳ ನಡುವೆ ಕಾಲುವೆ ತೋಡಿದ್ದರು. ಅಲ್ಲಿನ ಕಾವಲಿನ ಮೇಲ್ವಿಚಾರಕ ಆದಂ ಬಂಟ್ವಾಳದವನು, ತೊಂಬತ್ತೆರಡು ಕಿಲೋದ ಆಸಾಮಿ. ಅವನು ಮೇಲಿನವರಲ್ಲಿ ಮಾತಾಡಿ ಶುಕ್ರವಾರಕ್ಕೆ ಮಾತ್ರ ಅನುಮತಿ ಕೊಡಿಸಿದ. ಷರತ್ತುಗಳು: ಎಂಜಿನ್ ಸದ್ದು ಕೂಡದು, ಎಲ್ಲರಿಗೂ ಲೈಫ್ ಜಾಕೆಟ್, ಹತ್ತು ಜನರಿಗಿಂತ ಹೆಚ್ಚು ಹತ್ತಬಾರದು.

"ಹತ್ತು ಯಾಕೆ? ನಾವು ಇಬ್ಬರೇ," ಎಂದು ಮೌರಿಸ್ ನಕ್ಕ.

ಫೆಬ್ರವರಿಯ ಒಂದು ಶುಕ್ರವಾರ ದೋಣಿ ನೀರಿಗಿಳಿಯಿತು. ಹಸಿರು ಮೈ, ಕೆಂಪು ಅಂಚು, ಮಾಡಿನ ಮೇಲೆ ತುಳಸಿಯಷ್ಟು ಎತ್ತರದ ಮೂರು ಹೂಗಿಡ. ನೋಡಲು ಇಸ್ಮಾಯಿಲ್, ಅವನ ಹೆಂಡತಿ ನಫೀಸಮ್ಮ, ಕ್ಲೊಟಿಲ್ಡಾಳ ಜಪಸರದ ಕೂಟದ ಏಳು ಹೆಂಗಸರು ಬಂದಿದ್ದರು. ಕ್ಲೊಟಿಲ್ಡಾಳನ್ನು ದೋಣಿಯಲ್ಲಿ ಕೂರಿಸಿ, ಮೌರಿಸ್ ಅಲ್ಯೂಮಿನಿಯಂ ಪೈಪಿನ ಜಲ್ಲೆ ಹಿಡಿದು ನೌಕಾಧಿಪತಿಯಂತೆ ನಿಂತ. ಒತ್ತಿದ. ದೋಣಿ ಗಿರ್ರನೆ ಒಂದು ಸುತ್ತು ತಿರುಗಿತು. ಮತ್ತೆ ಒತ್ತಿದ. ಇನ್ನೊಂದು ಸುತ್ತು.

"ಇಲ್ಲಿ ಕೊಡಿ," ಎಂದಳು ಕ್ಲೊಟಿಲ್ಡಾ.

ಜಲ್ಲೆ ಅವಳ ಕೈಗೆ ಹೋದದ್ದೇ ದೋಣಿಗೆ ಬುದ್ಧಿ ಬಂತು. ನೀರು ಸದ್ದಿಲ್ಲದೆ ಸರಿಯಿತು. ಅವಳು ಪಾದ ಅಗಲಿಸಿ ನಿಂತ ಬಗೆ, ಜಲ್ಲೆ ಎತ್ತುವಾಗ ಹನಿ ಮೈಮೇಲೆ ಬೀಳದಂತೆ ಓರೆ ಮಾಡುವ ಬಗೆ... ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿದ್ದ ಈ ಹೆಂಗಸನ್ನು ಮೌರಿಸ್ ಮೊದಲ ಸಲ ನೋಡುತ್ತಿದ್ದ. ಈ ಕಾಲುವೆ ಮುಗಿಯದಿರಲಿ ಎನಿಸಿತು ಅವನಿಗೆ.

ಠಕ್!

ಕಾಲುವೆಗೆ ಅಡ್ಡಲಾಗಿ ಕಾಲುಸೇತುವೆ. ಅದರಾಚೆಯೇ ತೆರೆದ ಸಮುದ್ರ. ಕೋಣೆಯ ಮಾಡು ಸೇತುವೆಗೆ ತಾಗಿ ನಿಂತಿತ್ತು. ಹೂಗಿಡಗಳು ನೀರುಪಾಲು. ಅಳೆದರೆ ಬರೇ ಮೂರು ಬೆರಳು ಹೆಚ್ಚು.

"ಗರಗಸ ತರಲಾ?" ದಡದಿಂದ ಇಸ್ಮಾಯಿಲ್ ಕೂಗಿದ.

"ಯಾರೂ ಮುಟ್ಟಬೇಡಿ!" ಎಂದು ಮೌರಿಸ್ ಮಾಡನ್ನು ತಬ್ಬಿಕೊಂಡ.

ಕ್ಲೊಟಿಲ್ಡಾ ಸೇತುವೆ ನೋಡಿದಳು, ನೀರು ನೋಡಿದಳು, ದಡದಲ್ಲಿದ್ದ ಹೆಂಗಸರನ್ನು ನೋಡಿದಳು. ದೋಣಿಯನ್ನು ಹಿಂದಕ್ಕೆ ತಂದು ದಡಕ್ಕೆ ತಾಗಿಸಿದಳು.

"ಎಲ್ಲರೂ ಹತ್ತಿ. ಭಾರ ಬಿದ್ದರೆ ದೋಣಿ ತಗ್ಗುತ್ತದೆ."

ಹೆಂಗಸರು ಹತ್ತಿದರು, ನಫೀಸಮ್ಮ ಬಿರಿಯಾನಿ ಪಾತ್ರೆಸಮೇತ ಹತ್ತಿದಳು, ಇಸ್ಮಾಯಿಲ್ ಹತ್ತಿದ. ದೋಣಿ ಒಂದೊಂದೇ ಬೆರಳು ಇಳಿಯಿತು. ಆಗ ಆದಂ ಕೈ ಎತ್ತಿದ.

"ಹನ್ನೊಂದು ಜನ ಆಯ್ತು. ಒಬ್ಬರು ಇಳೀಬೇಕು."

ಕ್ಲೊಟಿಲ್ಡಾ ಎಲ್ಲರನ್ನೂ ಒಮ್ಮೆ ಕಣ್ಣಲ್ಲೇ ತೂಗಿದಳು.

"ನೀವೆಷ್ಟು ಕಿಲೋ?"

"ಐವತ್ತನಾಲ್ಕು," ಎಂದ ಮೌರಿಸ್. ಹೇಳಿದ ಮೇಲೆ ಅರ್ಥವಾಯಿತು.

"ಇಳಿಯಿರಿ. ಇದು ತೂಕದವರ ಕೆಲಸ."

ದೋಣಿ ಸೇತುವೆಯಡಿ ಸಲೀಸಾಗಿ ನುಸುಳಿ ಸಮುದ್ರ ಕಂಡಿತು. ಬರುವಾಗಲೂ ಅದೇ ಹತ್ತು ಜನ ಬೇಕಲ್ಲ! ಮರುವಾರವೂ ಬೇಕು, ಆಚೆ ವಾರವೂ ಬೇಕು. ಇಬ್ಬರಿಗೆಂದು ಮಾಡಿದ ದೋಣಿ ಶುಕ್ರವಾರದ ಕಡವಾಯಿತು. ಕೋಣೆ ತಗ್ಗಿಸೋಣವೆಂದು ಮೌರಿಸ್ ಈಗ ತಾನಾಗಿಯೇ ಬೇಡಿಕೊಂಡ. ಜಪಸರದ ಹೆಂಗಸರು ಒಪ್ಪಲಿಲ್ಲ; ಅವರಿಗೆ ಅಲ್ಲಿ ನಿಂತು ಚಹಾ ಮಾಡಿ ಅಭ್ಯಾಸವಾಗಿತ್ತು.

ಮಾರ್ಚಿನ ಕೊನೆಯಲ್ಲಿ ಆ ಏಳು ಮಂದಿಯಲ್ಲಿ ಒಬ್ಬಳು ಊರಿಗೆ ಹೋದಳು. ಒಂದು ಸೀಟು ಖಾಲಿ! ಮೌರಿಸ್ ಬೆಳಿಗ್ಗೆಯೇ ಜಾಕೆಟ್ ಹಾಕಿಕೊಂಡು ದಡದಲ್ಲಿ ನಿಂತ. ಕ್ಲೊಟಿಲ್ಡಾ ಅವನನ್ನು ನೋಡಿದಳು, ಪಾಪ ಎನಿಸಿರಬೇಕು. ಆದರೆ ಮಾಡನ್ನು ನೋಡಿ ಲೆಕ್ಕ ಹಾಕಿದಳು.

"ನೀವು ಸಾಲುವುದಿಲ್ಲ ಮಾರಾಯ್ರೆ. ಆದಂ ಭಾಯಿ, ನೀವು ಬರ್ತೀರಾ?"

ಆದಂ ಸಂಕೋಚದಿಂದಲೇ ತನ್ನ ಟೋಪಿ ಮತ್ತು ಸೀಟಿಯನ್ನು ಮೌರಿಸನ ಕೈಗಿತ್ತು ದೋಣಿ ಹತ್ತಿದ. "ಒಂದು ಗಂಟೆ ನೋಡಿಕೊಳ್ಳಿ ಮೌರಿಸಣ್ಣ. ಮಕ್ಕಳು ನೀರಿಗೆ ಇಳಿಯದ ಹಾಗೆ."

ಮೌರಿಸ್ ಕಾವಲುಗಾರನಾಗಿ ಸೇತುವೆಯ ಮೇಲೆ ನಿಂತ. ಟೋಪಿ ಕಿವಿ ಮುಚ್ಚುತ್ತಿತ್ತು. ಕೆಳಗೆ ಹಸಿರು ದೋಣಿ ಹಾದುಹೋಗಿ ಬಿಸಿಲಿನ ನೀರಿಗೆ ಬಂತು. ಆಗ ಕ್ಲೊಟಿಲ್ಡಾ ತಲೆ ಹಿಂದಕ್ಕೆ ಚೆಲ್ಲಿ, ಕಡವಿನವರು ಆಚೆ ದಡಕ್ಕೆ ಕೂಗುವ ಹಾಗೆ, "ಓ... ಹೋ... ಯ್!" ಎಂದು ಉದ್ದಕ್ಕೆ ಕೂಗಿದಳು. ಯಾರನ್ನು ಕರೆದಳೋ. ಎದುರಿಗೆ ಬರೀ ಸಮುದ್ರ.

ಯಾರೂ ಉತ್ತರ ಕೊಡಲಿಲ್ಲ. ಮೌರಿಸನಿಗೆ ಅದು ಸಹಿಸಲಾಗಲಿಲ್ಲ. ಟೋಪಿ ಹಿಂದಕ್ಕೆ ಸರಿಸಿ, ಇದ್ದ ಉಸಿರನ್ನೆಲ್ಲ ಸೇರಿಸಿ ಸೀಟಿ ಊದಿದ.