ಗಂಗಾಳ ಅಂಗಡಿಗೆ ನಾನು ಕಟ್ಟಿಕೊಟ್ಟ ಡೇಟಾಬೇಸ್

ಕೇಳದವರಿಗೆ ಉಪಕಾರ ಮಾಡುವ ಚಟ ಕುಡಿತಕ್ಕಿಂತ ಕೆಟ್ಟದ್ದು. ಕುಡಿದವನಿಗೆ ಮರುದಿನ ತನ್ನದೇ ತಲೆ ನೋಯುತ್ತದೆ. ಉಪಕಾರಿ ನೋಯಿಸುವುದು ಬೇರೆಯವರ ತಲೆಯನ್ನು. ನನ್ನ ಹೆಂಡತಿ ಗಂಗಾ ಮರ್ಫಿ ಟೌನಿನಲ್ಲಿ ಹೆಂಗಸರ ಟೈಲರಿಂಗ್ ಅಂಗಡಿ ಇಟ್ಟಿದ್ದಾಳೆ. ಗಿರಾಕಿಗಳ ಅಳತೆಯೆಲ್ಲ ಅಲ್ಲಿನ ಹಳೆಯ ವಿಂಡೋಸ್ ಕಂಪ್ಯೂಟರಿನಲ್ಲಿ, ಒಂದು ಪುಟ್ಟ ಸಾಫ್ಟ್‌ವೇರಿನೊಳಗೆ ನೆಮ್ಮದಿಯಾಗಿತ್ತು. ಆ ನೆಮ್ಮದಿ ನನ್ನ ಕಣ್ಣು ಕುಕ್ಕಿತು. ದೊಡ್ಡನೆಕ್ಕುಂದಿಯ ಆಫೀಸಿನಲ್ಲಿ ಡೇಟಾಬೇಸ್ ಕೆಲಸ ಮಾಡುವವನ ಹೆಂಡತಿ ಯಾರೋ ಮಾಡಿದ್ದನ್ನು ಬಳಸುವುದೆ? ಛೆ! ಯಾರಿಗೂ ಪುಕ್ಕಟೆ ಸಿಗುವ ಓಪನ್ ಸೋರ್ಸ್ ಡೇಟಾಬೇಸನ್ನು ಅದರ ಮೂಲ ಕೋಡಿನಿಂದ ನಾನೇ ಕಟ್ಟಿಕೊಡುತ್ತೇನೆ ಎಂದೆ. ಸಿದ್ಧವಾಗಿರುವುದನ್ನೇ ಇಳಿಸಿಕೊಳ್ಳಬಹುದಿತ್ತು, ಆದರೆ ಅದರಲ್ಲಿ ಜಂಬ ಪಡುವುದಕ್ಕೇನಿದೆ?

ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವುದಕ್ಕೆ, ಅಂದರೆ ಕಂಪೈಲ್ ಮಾಡುವುದಕ್ಕೆ, ಎರಡು ದಾರಿ. ವಿಂಡೋಸ್‌ಗೆ ಬೇಕಾದ್ದನ್ನು ವಿಂಡೋಸ್ ಯಂತ್ರದಲ್ಲೇ ಕಟ್ಟಿದರೆ ನೇಟಿವ್. ಬೇರೆ ಕಡೆ, ಲಿನಕ್ಸ್ ಯಂತ್ರದಲ್ಲಿ ಕಟ್ಟಿ ಅಲ್ಲಿಗೆ ಸಾಗಿಸಿದರೆ ಕ್ರಾಸ್ ಕಂಪೈಲ್. ಅಂಗಡಿಯ ಕಂಪ್ಯೂಟರ್ ಇರುವುದು ಪರದೆಯ ಹಿಂದೆ, ಹೆಂಗಸರ ಅಳತೆ ತೆಗೆಯುವ ಮೂಲೆಯಲ್ಲಿ. ಅಲ್ಲಿ ಗಂಡಸು ಕೂರುವುದುಂಟೆ? ಹಾಗಾಗಿ ಮನೆಯ ಸೋಫಾದಲ್ಲಿ ಒರಗಿ, ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲೇ ಕಟ್ಟಿದೆ. ನಡುವೆ ಲ್ಯಾಪ್‌ಟಾಪಿನ ಸ್ಕ್ರೀನಿನ ಮೇಲೆ ಒಂದಷ್ಟು ಎಚ್ಚರಿಕೆಗಳು ಬಂದವು. ಅವನ್ನೆಲ್ಲ ಓದುವ ಜನ ಬೇರೆ ಇರುತ್ತಾರೆ. ಅಂಗಡಿ ತೆರೆಯುವ ಮೊದಲು ಹೋಗಿ ಅಲ್ಲಿನ ಕಂಪ್ಯೂಟರಿಗೆ ಹಾಕಿದೆ. ಓಡಿತು! ಅಳತೆಗಳನ್ನೆಲ್ಲ ಹೊಸದರೊಳಗೆ ಸುರಿದು, ಹಳೆಯದನ್ನು ಬೇರುಸಹಿತ ಅಳಿಸಿಬಿಟ್ಟೆ. ಮರುದಿನ ನೋಡಿದರೆ ನನ್ನ ಡೇಟಾಬೇಸ್ ಕಣ್ಣು ತೆರೆಯುವುದು, ಮುಚ್ಚುವುದು; ಲಿನಕ್ಸ್‌ನಲ್ಲಿ ಕಟ್ಟಿದ್ದು ವಿಂಡೋಸ್‌ಗೆ ಒಗ್ಗಿರಲಿಲ್ಲ. ಅಳತೆಗಳು ಒಳಗೇ ಸಿಕ್ಕಿಕೊಂಡವು. ಆ ಫೈಲನ್ನು ಓದಲು ನನ್ನ ಲ್ಯಾಪ್‌ಟಾಪಿಗೂ ಬರಲಿಲ್ಲ.

ಅದೇ ಹೊತ್ತಿಗೆ ಶಾಂತಮ್ಮ ಬಂದರು. ರಾಯಚೂರಿನ ಕಡೆಯವರು, ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದಾರೆ. ಮಗಳ ಮದುವೆಯ ರವಿಕೆ ಹೊಲಿಯಲು ಕೊಟ್ಟಿದ್ದರು.

"ನಾಳಿ ಸಂಜೀಕ ಬಸ್ ಐತ್ರೀ ಅಕ್ಕಾರ, ಜಂಪರ್ ಆತೇನ್ರಿ?"

"ಮಗಳನ್ನ ಇನ್ನೊಂದ್ಸಲ ಅಳತೆಗೆ ಕರ್ಕೊಂಡ್ ಬರೋಕಾಗತ್ತಾ?" ಗಂಗಾ ಮೆಲ್ಲಗೆ ಕೇಳಿದಳು.

"ಅಯ್ಯ, ಊರಾಗ ಅರಿಶಿಣ ಹಚ್ಚ್ಯಾರ್ರೀ! ಹೊಸ್ತಿಲ ದಾಟಂಗಿಲ್ಲ." ಅವರ ಕಣ್ಣಲ್ಲಿ ನೀರಾಡಿತು.

ಭೂಮಿ ಬಾಯಿ ಬಿಡಬಾರದೆ ಅನಿಸಿತು ನನಗೆ. ಆದರೂ ಸುಮ್ಮನಿರಬೇಕಲ್ಲ! "ಫೋನಲ್ಲೇ ಅಳತೆ ಕೇಳು" ಎಂದು ಗಂಗಾಳ ಕಿವಿಯಲ್ಲಿ ಉಸುರಿದೆ.

"ದೂರದಲ್ಲಿ ಕೂತು ಮಾಡಿದ್ದು ಹೇಗಿರತ್ತೆ ಅಂತ ನೋಡ್ತಾ ಇದೀನಲ್ಲ ರೀ" ಎಂದಳು ಹಲ್ಲು ಕಚ್ಚಿ. "ಇಲ್ಲೇ ಕೂತು ಸರಿ ಮಾಡಿ."

ರಜೆ ಹಾಕಿ ಪರದೆಯ ಹಿಂದೆ ಕೂತೆ. ಆ ಮುದಿ ಕಂಪ್ಯೂಟರಿನಲ್ಲಿ ನೇಟಿವ್ ಕಂಪೈಲ್ ಮಾಡುವುದೆಂದರೆ ಕಲ್ಲುಬೇಳೆ ಬೇಯಲು ಕಾದಂತೆ. ಅಳತೆಗೆ ಹೆಂಗಸರು ಬಂದಾಗಲೆಲ್ಲ "ಸ್ವಲ್ಪ ಹೊರಗೆ" ಎಂದು ಗಂಗಾ ಎಬ್ಬಿಸುತ್ತಿದ್ದಳು. ನಾನು ಫುಟ್‌ಪಾತಿನಲ್ಲಿ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಆಫೀಸಿನ ಕ್ಯಾಬ್ ಹಾದಾಗ ತೂಗುಹಾಕಿದ್ದ ನೈಟಿಗಳ ಮರೆಗೆ ಸರಿದದ್ದೂ ಉಂಟು. ಸಂಜೆಗೆ ಡೇಟಾಬೇಸ್ ಎದ್ದು ಕೂತಿತು, ಮದುಮಗಳ ಅಳತೆ ಸಿಕ್ಕಿತು. ಗಂಗಾ ಕತ್ತರಿ ಹಿಡಿದಳು. ಅದು ಮತ್ತೆ ಮಲಗೀತೆಂಬ ಭಯಕ್ಕೆ ನನ್ನನ್ನು ಮರುದಿನವೂ ಕಾವಲಿಗೆ ನಿಲ್ಲಿಸಿದಳು.

ಮಧ್ಯಾಹ್ನ ಶಾಂತಮ್ಮ ಜಂಪರನ್ನು ಕಣ್ಣಿಗೊತ್ತಿಕೊಂಡರು. ಹೊರಡುವಾಗ ಫುಟ್‌ಪಾತಿನಲ್ಲಿದ್ದ ನನ್ನನ್ನು ತೋರಿಸಿ ಕೇಳಿದರು: "ನಮ್ಮ ಅಣ್ಣನ ಅಂಗಡ್ಯಾಗೂ ಕಂಪ್ಯೂಟರ್ ಐತ್ರಿ. ಈ ರಿಪೇರಿಯವ್ರನ್ನ ಕರೀಲೇನ್ರಿ?"

ಗಂಗಾ ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಕೆಟ್ಟೋಗಿದ್ರೆ ಕರೀರಿ. ಚೆನ್ನಾಗಿರೋದನ್ನ ಮಾತ್ರ ಇವ್ರ ಕೈಗೆ ಕೊಡ್ಬೇಡಿ."

ನಾನು ಅವಳ ಗಂಡನೆಂದು ಅವಳು ಹೇಳಲಿಲ್ಲ. ಹೇಳು ಎನ್ನಲು ನನಗೂ ಮುಖವಿರಲಿಲ್ಲ.