ಹಾಸನಕ್ಕೆ ಬರಲೊಲ್ಲದ ಡಬ್ಬ

ನಮ್ಮ ಮಾವನ ಮನೆಯ ಬೀಗಕ್ಕೇನಾದರೂ ಬಾಯಿ ಬಂದಿದ್ದರೆ ಅದು ಎಂದೋ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿ, "ಸಾ, ಈ ಮನುಷ್ಯ ನನ್ನ ದಿನಾ ಜಗ್ತಾನೆ ಸಾ" ಅಂತ ದೂರು ಕೊಟ್ಟಿರುತ್ತಿತ್ತು! ಜಗ್ಗುವುದೆಂದರೆ ನೀವು ನಾವು ಜಗ್ಗಿದ ಹಾಗಲ್ಲ. ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಜೋತುಬಿದ್ದು ಜಗ್ಗುವುದು. ನಾಲ್ಕು ಹೆಜ್ಜೆ ಹೋಗಿ, ಏನೋ ಅನುಮಾನ ಬಂದು, ವಾಪಸ್ ಬಂದು ಮತ್ತೆ ಜಗ್ಗುವುದು. ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದವರು ಇದನ್ನು ನೋಡಿ, "ಯಾರೋ ಬೀಗ ಒಡೀತಾವ್ರೆ ಬನ್ರಪ್ಪೋ!" ಎಂದು ಬೀದಿಯವರನ್ನೆಲ್ಲ ಕೂಗಿ ಸೇರಿಸಿದ್ದರು. ಬಂದು ನೋಡಿದರೆ ಕಳ್ಳ ಯಾರು? ಮನೆಯ ಯಜಮಾನ!

ಮಾವ ಅಂದರೆ ನಮ್ಮಮ್ಮನ ತಮ್ಮ, ನನ್ನ ಸೋದರಮಾವ. ಇರುವುದು ಹೊಳೆನರಸೀಪುರದಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅದಕ್ಕೂ ಒಂದು ಬೀಗ ತಗೊಂಡು ಹಾಸನದ ನಮ್ಮ ಮನೆಗೆ ಬಂದಾನು. ಮನೆ ಬಿಡುವಾಗ ಅವನದೊಂದು ಶಾಸ್ತ್ರವಿದೆ. ಗ್ಯಾಸ್ ತಿರುಪಬೇಕು, ನಲ್ಲಿ ತಿರುಪಬೇಕು, ಹಿತ್ತಿಲ ಅಗುಳಿ ಹಾಕಬೇಕು, ಇನ್ವರ್ಟರ್ ಆರಿಸಬೇಕು, ಮೈನ್ ಸ್ವಿಚ್ ಆರಿಸಬೇಕು, ಕಿಟಕಿ ಒಂದೊಂದನ್ನೂ ಮುಟ್ಟಿ ನೋಡಬೇಕು. ದೇವರ ದೀಪವನ್ನು ಮಾತ್ರ ಆರಿಸುವ ಹಾಗಿಲ್ಲವಲ್ಲ? ಅದು ತಾನಾಗಿ ಶಾಂತವಾಗುವ ತನಕ ಎದುರಿಗೆ ಕೂತು ಕಾಯಬೇಕು. ಎಣ್ಣೆ ಜಾಸ್ತಿ ಹಾಕಿದ್ದ ದಿನ ಬಸ್ಸು ತಪ್ಪಿತೆಂದೇ ಲೆಕ್ಕ.

ಒಮ್ಮೆ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ರಾಮನಾಥಪುರಕ್ಕೆ ಹೊರಟಿದ್ದೆವು. ಅರಕಲಗೂಡಿನಲ್ಲಿ ಎಳನೀರಿಗೆ ಅಂತ ವ್ಯಾನು ನಿಂತಾಗ ಮಾವನ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು. "ಬಚ್ಚಲು ನಲ್ಲಿ ನಿಲ್ಸಿದ್ನಾ ಇಲ್ವಾ? ನೆಪ್ಪೇ ಆಯ್ತಾ ಇಲ್ವಲ್ರಪ್ಪ!" ಯಾರು ಎಷ್ಟು ಹೇಳಿದರೂ ಕೇಳಲಿಲ್ಲ. ವ್ಯಾನು ತಿರುಗಿಸಿಕೊಂಡು ಹೊಳೆನರಸೀಪುರಕ್ಕೆ ಬಂದೆವು. ನಲ್ಲಿ ನಿಂತೇ ಇತ್ತು. ಆದರೆ ಆ ಗಡಿಬಿಡಿಯಲ್ಲಿ ಅತ್ತೆಯನ್ನು ಅರಕಲಗೂಡಿನ ಎಳನೀರಂಗಡಿಯಲ್ಲೇ ಬಿಟ್ಟು ಬಂದಿದ್ದೆವು! ಮತ್ತೆ ಹೋಗಿ ಕರೆದುಕೊಂಡಾಗ ಅತ್ತೆ ಹೇಳಿದ್ದು ಒಂದೇ ಮಾತು: "ನಲ್ಲಿನಾದ್ರೂ ನೆಪ್ಪಾಯ್ತಲ್ಲ ಪುಣ್ಯಾತ್ಮಂಗೆ."

ಇಂಥ ಮನುಷ್ಯ ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದ ಗೊತ್ತೆ? ಮದುವೆ ವಿಡಿಯೊ ತೆಗೆಯುತ್ತಿದ್ದ. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ನುಗ್ಗೇಹಳ್ಳಿ, ಎಲ್ಲಿ ಓಲಗ ಕೇಳಿಸಿದರೂ ಅಲ್ಲಿ ಇವನ ಕ್ಯಾಮೆರಾ. ಗುಲಾಬಿ ಹೂವಿನೊಳಗಿಂದ ಮದುಮಗಳು ಎದ್ದು ಬರುವುದು, ಹಿಮಾಲಯದ ತುದಿಯಲ್ಲಿ ಮದುಮಗ ರೇಷ್ಮೆ ಪಂಚೆಯಲ್ಲಿ ನಿಂತಿರುವುದು, ಎಲ್ಲ ಇವನ ಕೈಚಳಕವೇ. ಮನೆಯಲ್ಲಿ ಕಂಡಕಂಡದ್ದನ್ನೆಲ್ಲ ಆರಿಸುವ ಈ ಮಹಾನುಭಾವ ಜನ್ಮದಲ್ಲಿ ಒಂದೇ ಒಂದನ್ನು ಆರಿಸಲು ಮರೆಯುತ್ತಿದ್ದ. ಅದು ಕ್ಯಾಮೆರಾ! ಶಾಸ್ತ್ರ ಮುಗಿಯಿತೆಂದು ಅದನ್ನು ಕೈಯಲ್ಲಿ ತೂಗಾಡಿಸಿಕೊಂಡು ಓಡಾಡುತ್ತಿದ್ದ, ಅದು ಓಡುತ್ತಲೇ ಇರುತ್ತಿತ್ತು. ಹಾಗಾಗಿ ಅವನು ತೆಗೆದ ಪ್ರತಿ ಮದುವೆಯಲ್ಲೂ ಬೀಗರ ಕಾಲು, ಊಟದ ಎಲೆ, ತಲೆಕೆಳಗಾದ ಚಪ್ಪಲಿಗಳು, "ಪಾಯ್ಸ ಈಕಡಿಕೆ ಬರ್ಲಿ" ಎಂಬ ಕೂಗು, ಎಲ್ಲ ಸಲೀಸಾಗಿ ದಾಖಲಾಗಿವೆ. ಚನ್ನರಾಯಪಟ್ಟಣದ ಒಬ್ಬ ಮದುಮಗನಂತೂ, "ನನ್ನ ಮದ್ವೇಲಿ ನನಗಿಂತ ಅಡುಗೆಭಟ್ರೇ ಜಾಸ್ತಿ ಕಾಣ್ತಾರಲ್ಲ" ಎಂದು ಜಗಳಕ್ಕೇ ಬಂದಿದ್ದ.

ಆ ಕ್ಯಾಸೆಟ್‌ಗಳ ಮೂಲಪ್ರತಿಯನ್ನು ಮಾವ ಯಾರಿಗೂ ಕೊಡುವುದಿಲ್ಲ. ಮೊದಲು ಕೊಡುತ್ತಿದ್ದ. ಅರಕಲಗೂಡಿನ ನೆಂಟರೊಬ್ಬರು ಮಗಳ ಮದುವೆಯ ಕ್ಯಾಸೆಟ್ ಒಯ್ದು, ಅದೇನು ಅವಸರವಿತ್ತೋ, ಅದರ ಮೇಲೆಯೇ ಕ್ರಿಕೆಟ್ ಪಂದ್ಯ ರೆಕಾರ್ಡ್ ಮಾಡಿಕೊಂಡುಬಿಟ್ಟರು. ಹಾಕಿ ನೋಡಿದರೆ ಪುರೋಹಿತರು ಗಟ್ಟಿಮೇಳ ಎನ್ನುತ್ತಾರೆ, ಮದುಮಗ ತಾಳಿ ಎತ್ತುತ್ತಾನೆ, ಸರಿಯಾಗಿ ಆ ಗಳಿಗೆಗೆ ಬೌಲರ್ ಓಡಿಬರುತ್ತಾನೆ! ಅವತ್ತಿನಿಂದ ಮಾವನ ಮನೆಯ ಹೊಸ್ತಿಲು ದಾಟಿ ಒಂದು ಹುಲ್ಲುಕಡ್ಡಿಯೂ ಆಚೆ ಬಂದಿಲ್ಲ. ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ದೊಡ್ಡ ಹಾರ್ಡ್ ಡಿಸ್ಕುಗಳಿರುವ ಒಂದು ಡಬ್ಬ ತಂದು ತುಂಬಿಸಿಟ್ಟ. ಟಿಫಿನ್ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡದು. ಮನೆಯ ಇಂಟರ್ನೆಟ್ಟಿಗೆ ಅಂಟಿಕೊಂಡು ಹಸಿರು ದೀಪ ಮಿಟುಕಿಸುತ್ತ ದೇವರಮನೆಯ ಪಕ್ಕದ ಗೂಡಿನಲ್ಲಿ ಕೂತಿರುತ್ತದೆ. ಆಯುಧಪೂಜೆಯಲ್ಲಿ ಸ್ಕೂಟರಿಗಿಂತ ಮೊದಲು ಅರಿಶಿನ ಕುಂಕುಮ ಅದಕ್ಕೇ.

ಹೀಗಿರುವಾಗ ಹಾಸನದಲ್ಲಿ ನನ್ನ ಜೊತೆಗಿರುವ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಚೆನ್ನಾಗಿಯೇ ಆಯಿತು. ಎದ್ದು ಕೂರಿ, ನಿಧಾನಕ್ಕೆ ನಡೀರಿ ಎಂದು ಡಾಕ್ಟರು ಹೇಳಿದರು. ಅಮ್ಮ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟ ಬೇಡ, ಮಾತು ಬೇಡ. ನಮ್ಮಮ್ಮ ಮಾತು ಬಿಟ್ಟಳೆಂದರೆ ನನಗೆ ನಿಜಕ್ಕೂ ಹೆದರಿಕೆಯಾಯಿತು. ನೋಡಲು ಬಂದ ಮಾವ, "ನಿಂಗೇನ್ ಬೇಕಕ್ಕ? ಬಾಯ್ಬುಟ್ಟು ಹೇಳು" ಎಂದ. ಆಗ ಅಮ್ಮ, "ಅವ್ವನ್ನ ಒಂದ್ಸಲ ನೋಡ್ಬೇಕು ಕಣೋ. ಸೋಬಾನೆ ಹೇಳ್ತಿತ್ತಲ್ಲ, ಅದು ಕೇಳ್ಬೇಕು" ಅಂದಳು.

ಅವ್ವ ಅಂದರೆ ನನ್ನ ಅಜ್ಜಿ, ತೀರಿಕೊಂಡು ವರ್ಷಗಳಾದವು. ಅಜ್ಜಿ ಹಾಡಿದ್ದು, ಮಾತಾಡಿದ್ದು ಎಲ್ಲಾದರೂ ಉಳಿದಿದ್ದರೆ ಅದು ನನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ಮಾತ್ರ. ನಮ್ಮ ಮನೆಯ ಪ್ರತಿಗೆ ಬೂಷ್ಟು ಹಿಡಿದು ಹಾಳಾಗಿತ್ತು. ಇನ್ನುಳಿದದ್ದು ಮಾವನ ಡಬ್ಬದೊಳಗೆ.

"ಒಂದು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ಬಾ ಮಾವ" ಎಂದೆ.

"ಪೆನ್ ಡ್ರೈವಾ! ಬೆರಳುದ್ದ ಇರ್ತದೆ, ಬಸ್ಸಲ್ಲಿ ಬಿದ್ದೋದ್ರೆ ನಮ್ಮವ್ವ ಯಾರ್ ಮನೆ ಸೇರ್ಕಬೇಕು?"

"ಹಾಗಾದರೆ ಇಂಟರ್ನೆಟ್ಟಿನಲ್ಲಿ ಎಲ್ಲಾದರೂ ಏರಿಸಿಬಿಡು, ನಾನಿಲ್ಲಿ ಇಳಿಸಿಕೊಳ್ಳುತ್ತೇನೆ."

"ಯಾರ್ದೋ ಮನೆ ಅಟ್ಟದ ಮ್ಯಾಲೆ ನಮ್ಮವ್ವನ್ನ ಮಡಗಕ್ಕಾಯ್ತದಾ? ನಮ್ಮವ್ವ ನಮ್ಮನೇಲೇ ಇರ್ಬೇಕು, ಅಕ್ಕ ಇಲ್ಲಿಂದ್ಲೇ ನೋಡ್ಬೇಕು. ಅಂಗೆ ಏನಾದ್ರೂ ಮಾಡಮ್ಮಿ, ನೀನು ಓದಿದೋಳಲ್ವಾ?"

ನಾನು ಓದಿದ್ದು ಹಳಗನ್ನಡ! ಶಾಲೆಯಲ್ಲಿ ಮಕ್ಕಳ ಹಾಜರಿಯನ್ನು ಫೋನಿನಲ್ಲಿ ಹಾಕುತ್ತೇನೆಂಬ ಒಂದೇ ಕಾರಣಕ್ಕೆ ನಮ್ಮ ಬಳಗದಲ್ಲಿ ನಾನು ಕಂಪ್ಯೂಟರ್ ಪಂಡಿತೆ. ಸರಿ, ಡಬ್ಬದ ಜೊತೆ ಬಂದಿದ್ದ ಪುಸ್ತಕ ಓದಿದೆ, ಹತ್ತಾರು ವಿಡಿಯೊ ನೋಡಿದೆ. ಹೊರಗಿನಿಂದ ಡಬ್ಬ ತಲುಪಬೇಕಾದರೆ ರೂಟರಿನಲ್ಲಿ ಒಂದು ಬಾಗಿಲು ತೆರೆದಿಡಬೇಕಂತೆ. ಇದನ್ನು ಮಾವನಿಗೆ ಫೋನಿನಲ್ಲಿ ಹೇಳಿದೆ. ನೋಡಿ, ಬೀಗಕ್ಕೆ ಜೋತುಬೀಳುವ ಮನುಷ್ಯನಿಗೆ ಹೇಳುವ ಮಾತೇ ಇದು? "ಊರೋರಿಗೆಲ್ಲ ಬಾಗ್ಲು ತಕ್ಕೊಂಡು ಕೂರು ಅಂತೀಯಾ? ನಿಂಗೇನಾಯ್ತಮ್ಮಿ?" ಎಂದು ಫೋನಿಟ್ಟೇಬಿಟ್ಟ.

ಕೊನೆಗೆ ಇನ್ನೊಂದು ದಾರಿ ಸಿಕ್ಕಿತು. ಡಬ್ಬ ಮಾಡಿದ ಕಂಪನಿಯವರ ಮೂಲಕವೇ ಹೋಗುವುದು. ಅದಕ್ಕೊಂದು ಐಡಿ, ಒಂದು ಪಾಸ್‌ವರ್ಡ್, ಅದರ ಮೇಲೆ ಫೋನಿಗೆ ಬರುವ ಒಂದು ಕೋಡು. "ಬೀಗದ ಮ್ಯಾಲೆ ಬೀಗ! ಇದು ನೋಡು ಸರಿಯಾದ್ದು" ಎಂದು ಮಾವ ಹಿಗ್ಗಿದ. ಮೊದಲು ಅವನಿಟ್ಟ ಪಾಸ್‌ವರ್ಡ್ ಎಷ್ಟು ಭದ್ರವಾಗಿತ್ತೆಂದರೆ ಅವನಿಗೇ ಬಾಗಿಲು ತೆಗೆಯಲಿಲ್ಲ. ಹೊಸದನ್ನು ಇಟ್ಟ, ನನಗೆ ಹೇಳಲಿಲ್ಲ. ನನಗೆ ಬೇರೆಯೇ ಒಂದು ಖಾತೆ ಮಾಡಿಕೊಟ್ಟ. ಅದರಲ್ಲಿ ಹೋದರೆ ಇಡೀ ಡಬ್ಬದಲ್ಲಿ ನನಗೆ ಕಾಣುತ್ತಿದ್ದದ್ದು ಒಂದೇ ಒಂದು ಫೋಟೊ, ಅವನ ಸ್ಕೂಟರಿನದು! "ಪರೀಕ್ಷೆಗೆ ಅಷ್ಟು ಸಾಕು. ಅವ್ವನ್ನ ನಾನೇ ಬಂದು, ಅಕ್ಕನ ಪಕ್ಕ ಕೂತ್ಕಂಡು ಹಾಕ್ತೀನಿ" ಎಂದ.

ಹಾಸನದಿಂದ ನೋಡಿದೆ. ಸ್ಕೂಟರು ಥಳಥಳ ಹೊಳೆಯುತ್ತಿತ್ತು. "ಬಂತು ಮಾವ!" ಎಂದು ಕೂಗಿದೆ. ಆ ಭಾನುವಾರವೇ ಅತ್ತೆ ಮಾವ ಬಸ್ಸು ಹತ್ತಿ ಬಂದರು. ಅಮ್ಮನ ತಲೆಗೆ ದಿಂಬು ಎತ್ತರಿಸಿ, ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು, ಮಾವ ನನ್ನನ್ನು ಕೋಣೆಯಿಂದ ಆಚೆ ಕಳಿಸಿ ಪಾಸ್‌ವರ್ಡ್ ಒತ್ತಿದ. ಡಬ್ಬ ಸಿಗುತ್ತಿಲ್ಲ ಎಂದಿತು. ಮತ್ತೆ ಒತ್ತಿದ. ಸಿಗುತ್ತಿಲ್ಲ. ಸಂಜೆಯವರೆಗೆ ಒತ್ತಿ ಒತ್ತಿ ಸಾಕಾಗಿ ಊರಿಗೆ ಹೋದ. ಅವನು ಮನೆ ಮುಟ್ಟಿದ ಮೇಲೆ ನಾನು ನೋಡಿದರೆ ಸ್ಕೂಟರು ಬಂದು ನಿಂತಿದೆ!

ಮುಂದಿನ ಭಾನುವಾರವೂ ಇದೇ ಕಥೆ. ಮಾವ ಬಂದರೆ ಡಬ್ಬ ಬರುವುದಿಲ್ಲ, ಮಾವ ಹೋದರೆ ಡಬ್ಬ ಹಾಜರ್! ಮೊದಲು ತಪ್ಪು ನಮ್ಮ ಮನೆಯ ವೈಫೈದಾಯಿತು. ಆಮೇಲೆ ಇಡೀ ಹಾಸನದ್ದಾಯಿತು. ಅರಕಲಗೂಡಿನ ಒಂದು ಗೃಹಪ್ರವೇಶಕ್ಕೆ ಹೋದವನು ಊಟದ ಪಂಕ್ತಿಯಿಂದ ಎದ್ದು ಅಲ್ಲಿಂದಲೂ ಪ್ರಯತ್ನಪಟ್ಟ. ಇಲ್ಲ. "ನನ್ನ ಕಂಡ್ರೇ ಆಗಲ್ಲ ಕಣಮ್ಮಿ ಅದಕ್ಕೆ" ಎಂದು ಕೊರಗಿದ. "ನಂಗೂ ಒಂದೊಂದ್ಸಲ ಅಂಗೇ ಅನ್ಸುತ್ತೆ, ಆದ್ರೂ ಕಾಣಿಸ್ಕತೀನಲ್ಲ" ಎಂದಳು ಅತ್ತೆ. ನಾವೆಲ್ಲ ನಕ್ಕೆವು. ಅಮ್ಮ ಮಾತ್ರ ನಗಲಿಲ್ಲ. "ಬಿಡೋ, ನನ್ನ ಹಣೇಲಿ ಬರ್ದಿಲ್ಲ" ಎಂದು ಮತ್ತೆ ಗೋಡೆ ಕಡೆ ತಿರುಗಿದಳು.

ಮೂರನೆಯ ಭಾನುವಾರ ಮಾವ ಲ್ಯಾಪ್‌ಟಾಪಿನ ಮುಂದೆ ಬೆವರುತ್ತ ಕೂತಿದ್ದಾಗ ನಮ್ಮ ಮನೆಯ ಕರೆಂಟು ಹೋಯಿತು. ಫ್ಯಾನು ನಿಂತಿತು. "ಥೂ, ಈ ಕರೆಂಟಿನ ಕಾಟ" ಎಂದು ನಾನು ಬೈದುಕೊಂಡೆ. ಮಾವ ಅಂಗಿಯ ಗುಂಡಿ ಬಿಚ್ಚಿ ಗಾಳಿ ಹಾಕಿಕೊಳ್ಳುತ್ತ, ಬಹಳ ಹೆಮ್ಮೆಯಿಂದ, "ನಮ್ಮನೇಲಿ ಆ ಚಿಂತೇನೇ ಇಲ್ಲ ನೋಡು. ಕರೆಂಟು ಬಂದ್ರೂ ಒಂದೇ, ಓದ್ರೂ ಒಂದೇ. ಮೈನ್ ಆರ್ಸೇ ಬಂದಿವ್ನಿ" ಎಂದ.

ನಾನು ಅವನ ಮುಖವನ್ನೇ ನೋಡಿದೆ.

"ಮಾವ, ಆ ಡಬ್ಬ ಯಾವುದರಿಂದ ಓಡುತ್ತೆ?"

"ಕರೆಂಟಿಂದ. ಇನ್ನೇನು ಸೀಮೆಣ್ಣೆಯಿಂದ್ಲಾ?" ಎಂದ. ಹೇಳುತ್ತ ಹೇಳುತ್ತ ಬಾಯಿ ಹಾಗೇ ತೆರೆದುಕೊಂಡಿತು.

"ಅಂದ್ರೆ ಇಷ್ಟು ದಿನ ಉಸ್ರಿಲ್ದಿರೋ ಡಬ್ಬನ ಕೂಗಿ ಕೂಗಿ ಕರೀತಿದ್ರಾ!" ಎಂದು ಅತ್ತೆ ತಲೆ ಚಚ್ಚಿಕೊಂಡಳು.

ನೀವು ಅಂದುಕೊಳ್ಳಬಹುದು, ಇನ್ನೇನು, ಮುಂದಿನ ಸಲ ಆರಿಸದೆ ಬಂದರಾಯಿತಲ್ಲ? ಅಯ್ಯೋ, ಅದು ನಿಮಗೆ ಸುಲಭ! ಮಾವ ಸಣ್ಣ ದನಿಯಲ್ಲಿ, "ಪಾಸ್‌ವರ್ಡು ನಿಂಗೇ ಹೇಳ್ತೀನಿ ಕಣಮ್ಮಿ. ನಾನು ಊರಲ್ಲೇ ಇರ್ತೀನಿ, ನೀವಿಬ್ರೂ ನೋಡ್ಕಳಿ" ಎಂದ. ಪಾಸ್‌ವರ್ಡನ್ನೇ ಬಿಟ್ಟುಕೊಡಲು ಸಿದ್ಧ, ಮೈನ್ ಹಾಕಿಟ್ಟು ಬರಲು ತಯಾರಿಲ್ಲ! ಗೋಡೆ ಕಡೆಯಿಂದ ಅಮ್ಮನ ದನಿ ಬಂತು. "ನೀನಿಲ್ದೆ ನಾನೊಬ್ಳೇ ನೋಡಿ ಏನ್ ಮಾಡ್ಲೋ? ಅವ್ವ ನಮ್ಮಿಬ್ರಿಗೂ ಅವ್ವ ಅಲ್ವಾ?"

ಮುಂದಿನ ಭಾನುವಾರ ಮಾವ ಬಂದ. ಹಸುಗೂಸನ್ನು ಒಂಟಿಯಾಗಿ ಮನೆಯಲ್ಲಿ ಬಿಟ್ಟು ಬಂದವನ ಮುಖ ಅವನದು. "ಸ್ವಿಚ್ಚಿನ ಮುಂದೆ ನಿಂತ್ಕಂಡು ಕೈ ಎತ್ತಿದ್ರು, ಇಳಿಸಿದ್ರು, ಎತ್ತಿದ್ರು, ಇಳಿಸಿದ್ರು. ಕೊನೀಗೆ ನಾನೇ ಕೈ ಇಡ್ಕಂಡು ಎಳ್ಕಂಡು ಬಂದೆ" ಎಂದು ಅತ್ತೆ ನನ್ನ ಕಿವಿಯಲ್ಲಿ ಹೇಳಿದಳು.

ಈ ಸಲ ಡಬ್ಬ ಕೂಡಲೇ ಬಂತು. ನನ್ನ ಮದುವೆಯ ದಿನದ ಬೆಳಗ್ಗೆ. ದಿಬ್ಬಣ ಚನ್ನರಾಯಪಟ್ಟಣದ ಛತ್ರಕ್ಕೆ ಹೊರಡುವ ಮೊದಲು ಅಜ್ಜಿಯ ಮನೆಯ ಪಡಸಾಲೆಯಲ್ಲಿ ನನಗೆ ಅರಿಶಿನ ಹಚ್ಚುತ್ತಿದ್ದಾರೆ. ಅಜ್ಜಿ ಕಂಬಕ್ಕೆ ಒರಗಿ, ಕಣ್ಣು ಮುಚ್ಚಿಕೊಂಡು ಸೋಬಾನೆ ಹೇಳುತ್ತಿದ್ದಾಳೆ. ಅಮ್ಮ ತುಟಿ ಅಲ್ಲಾಡಿಸಿದಳು. ಆಮೇಲೆ ಸಣ್ಣಗೆ ದನಿಗೂಡಿಸಿದಳು. ಚೆನ್ನಾಗಿ ಕಾಣುತ್ತಿಲ್ಲವೆಂದು ಮೊಣಕೈ ಊರಿ ಎದ್ದು ಕೂತಳು. ಎದ್ದು ಕೂತದ್ದು ಅವಳ ಗಮನಕ್ಕೇ ಬರಲಿಲ್ಲ. ನಾನು ಬಾಯಿಗೆ ಸೆರಗು ಒತ್ತಿಕೊಂಡೆ.

ಹಾಡು ಮುಗಿಯಿತು. ಮಾವ ಯಥಾಪ್ರಕಾರ ಕ್ಯಾಮೆರಾ ಆರಿಸಲು ಮರೆತಿದ್ದಾನೆ! ಚಿತ್ರ ತಲೆಕೆಳಗಾಯಿತು. ಯಾರದೋ ಪಾದ, ಚಪ್ಪಲಿಗಳು, ಹೊರಗೆ ವ್ಯಾನಿನ ಹಾರನ್ನು, "ಬೇಗ ವ್ಯಾನ್ ಅತ್ರೋ" ಎಂಬ ಗದ್ದಲ. ಅತ್ತೆ ನಗುತ್ತ, "ಶುರುವಾಯ್ತು ಇವ್ರ ಚಪ್ಲಿ ಪುರಾಣ" ಎಂದು ಮುಚ್ಚಲು ಕೈ ಚಾಚಿದಳು. ಅಷ್ಟರಲ್ಲಿ ಆ ಗದ್ದಲದ ನಡುವೆ ಹೊಸ್ತಿಲಿನ ಕಡೆಯಿಂದ ಅಜ್ಜಿಯ ದನಿ, ಹಾಡಿನದಲ್ಲ, ದಿನನಿತ್ಯದ ದನಿ, ತೀರಾ ಹತ್ತಿರದಲ್ಲಿ ಕೇಳಿಸಿತು.

"ಲೇ ಮಗ, ಮೈನು ಆರ್ಸಿದ್ಯೇನ್ಲಾ?"

ಅಮ್ಮ ಕೈ ಚಾಚಿ ತಮ್ಮನ ಕೈ ಹಿಡಿದುಕೊಂಡಳು. ತಲೆಯೆಲ್ಲ ನರೆತ ನಮ್ಮ ಮಾವ ಲ್ಯಾಪ್‌ಟಾಪಿಗೆ ಬಗ್ಗಿ, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ದನಿಯಲ್ಲಿ ಹೇಳಿದ:

"ಇಲ್ಲ ಕಣವ್ವ. ಇವತ್ತು ಆರ್ಸಿಲ್ಲ. ಆರ್ಸಿದ್ರೆ ನೀನೆಲ್ಲಿ ಸಿಗ್ತಿದ್ದೆ?"