ಎದುರು ಮನೆಗೆ ದಾರಿ ಕೋರಿ ಹೆದ್ದಾರಿಯವರಿಗೆ ಒಂದು ಅರಿಕೆ

ಮಾನ್ಯ ರಾಜ್ಯ ಹೆದ್ದಾರಿಯವರೇ,

ತಮಗೂ, ತಮ್ಮ ಅಣ್ಣತಮ್ಮಂದಿರಾದ ಇತರ ರಾಜ್ಯ ಹೆದ್ದಾರಿಗಳಿಗೂ, ತಮ್ಮನ್ನೇ ನಂಬಿಕೊಂಡಿರುವ ಸಮಸ್ತ ಅಡ್ಡರಸ್ತೆ, ಮಣ್ಣುರಸ್ತೆ ಮತ್ತು ಕಾಲುದಾರಿಗಳಿಗೂ ತಮ್ಮ ಅಂಚಿನಲ್ಲಿ ಬದುಕುತ್ತಿರುವ ಒಬ್ಬ ದರ್ಜಿಯ ನಮಸ್ಕಾರಗಳು. ತಮ್ಮ ಸಂಖ್ಯೆಯನ್ನು ನಮೂದಿಸಿಲ್ಲವೆಂದು ಬೇಸರಿಸಬಾರದು. ಅದು ಈಗಾಗಲೇ ಎರಡು ಸಲ ಬದಲಾಗಿರುವುದರಿಂದ, ಹಳೆಯದನ್ನು ಬರೆದರೆ ಪತ್ರ ತಮ್ಮ ದಾಯಾದಿಯ ಕೈಸೇರೀತು, ಹೊಸದನ್ನು ಬರೆದರೆ ಅಂಚೆಯವನಿಗೇ ಗೊತ್ತಾಗದೆ ಹೋದೀತು ಎಂಬ ಭಯದಿಂದ ಬಿಟ್ಟಿದ್ದೇನೆ. ತಮಗೇ ನೇರವಾಗಿ ಬರೆಯಲು ಕಾರಣವಿಷ್ಟೆ: ತಮ್ಮ ಕಚೇರಿಯವರು ನನ್ನ ಅಹವಾಲನ್ನೆಲ್ಲ ಸಮಾಧಾನದಿಂದ ಕೇಳಿ, ಕೊನೆಗೆ "ರಸ್ತೆ ಇರೋದೇ ಹಾಗೆ, ನಾವೇನು ಮಾಡೋಕಾಗುತ್ತೆ?" ಎಂದರು. ಅಂದ ಮೇಲೆ ತೀರ್ಮಾನವೆಲ್ಲ ತಮ್ಮದೇ ಎಂದು ನನಗೆ ಅರ್ಥವಾಯಿತು.

ದೂರು ಹೇಳುವ ಮುನ್ನ ತಮ್ಮ ಗುಣಗಾನ ಮಾಡದಿದ್ದರೆ ಬಾಯಿ ಬಿದ್ದುಹೋದೀತು. ಕಡಲ ದಂಡೆಯಲ್ಲಿ ಲಾರಿ ಹತ್ತಿದ ಉಪ್ಪಿನ ಮೂಟೆ ಮಾರನೆಯ ದಿನ ಬೆಟ್ಟದ ಮೇಲಿನ ಅಂಗಡಿಯಲ್ಲಿ ಇಳಿಯುವುದು ತಮ್ಮ ಕೃಪೆ. ತಮ್ಮ ಕಚೇರಿಯ ಗೋಡೆಗೆ ತೂಗುಹಾಕಿರುವ ನಕ್ಷೆಯನ್ನು ಬೆಂಚಿನ ಮೇಲೆ ಕುಳಿತು ನಾನು ಮನಸಾರೆ ನೋಡಿದ್ದೇನೆ. ತಾವೆಲ್ಲ ಕೆಂಪು ಗೆರೆಗಳಾಗಿ ಒಬ್ಬರನ್ನೊಬ್ಬರು ಹೆಣೆದುಕೊಂಡು ಇಡೀ ಪ್ರಾಂತ್ಯವನ್ನು ಹಿಡಿದಿಟ್ಟಿರುವ ಪರಿಯನ್ನು ಕಂಡು, ವೃತ್ತಿಯಿಂದ ಹೊಲಿಗೆಯವನಾದ ನನಗೆ ಹೊಟ್ಟೆಕಿಚ್ಚೂ ಆಯಿತು. ಅಲ್ಲಿ ತಾವು ಮುಟ್ಟದ ಊರಿಲ್ಲ. ಯಾವ ಮೂಲೆಯಲ್ಲಿರುವವನೂ ಇನ್ನಾವ ಮೂಲೆಗೆ ಬೇಕಾದರೂ ಹೋಗಬಹುದು. ನನ್ನ ದುರದೃಷ್ಟವೆಂದರೆ, ನನಗೆ ಹೋಗಬೇಕಾಗಿರುವುದು ಎದುರು ಮನೆಗೆ.

ನನ್ನ ಅಂಗಡಿ, ಅದೇ ನನ್ನ ಮನೆಯೂ ಹೌದು, ತಮ್ಮ ಈಚೆ ಬದಿಗಿದೆ, ನನ್ನ ಅಕ್ಕನ ಮನೆ ಆಚೆ ಬದಿಗಿದೆ. ಆಚೆಗೆ ಅದೊಂದೇ ಮನೆ, ಅದರ ಹಿಂದೆ ಬರೀ ಬಯಲು. ಅಳತೆ ತೆಗೆಯುವುದು, ಕತ್ತರಿಸುವುದು, ಮೆಷಿನ್ ತುಳಿಯುವುದು ನನ್ನ ಪಾಲಿನ ಕೆಲಸ. ಕಾಜ ಕಟ್ಟುವುದು, ಗುಂಡಿ ಹಚ್ಚುವುದು ಅಕ್ಕನ ಪಾಲಿನದು. ಅಪ್ಪ ಅಂಗಡಿ ನಡೆಸುತ್ತಿದ್ದ ಕಾಲದಿಂದಲೂ ಹೀಗೇ ನಡೆದುಬಂದಿದೆ. ಆಗಿನ್ನೂ ತಾವು ಇಷ್ಟು ದೊಡ್ಡವರಾಗಿರಲಿಲ್ಲ. ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಿತ್ತು. ಹೊಲಿದ ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ನಾನು ದಾಟುತ್ತಿದ್ದೆ, ಗುಂಡಿ ಹಚ್ಚಿದ ಅಂಗಿ ಕೊಡುವ ನೆಪದಲ್ಲಿ ಚಹಾ ಕುಡಿಯಲು ಅವಳು ದಾಟುತ್ತಿದ್ದಳು. ಅವಳ ಗಂಡ ತೀರಿಕೊಂಡ ಮೇಲೆ, ಮದುವೆಯ ಗೋಜಿಗೇ ಹೋಗದ ನನಗೂ ಅವಳಿಗೂ ಈ ದಾಟಾಟವೇ ಸಂಸಾರವಾಗಿತ್ತು.

ಹೀಗಿರಲಾಗಿ ತಮ್ಮನ್ನು ಅಗಲಗೊಳಿಸಿ ನಡುವೆ ಡಿವೈಡರ್ ಕಟ್ಟುವ ಶುಭಕಾರ್ಯ ನಿಶ್ಚಯವಾಯಿತು. ಕಟ್ಟುವ ಮುನ್ನ ಪ್ರತಿಯೊಂದು ಜಾಗದಲ್ಲೂ ಒಂದು ದಿನ ಕುಳಿತು, ಎಷ್ಟು ಜನ ದಾಟುತ್ತಾರೆಂದು ಎಣಿಸಿ, ದಾಟುವವರಿದ್ದ ಕಡೆ ಮಾತ್ರ ಸಂದು ಬಿಡುವುದು ತಮ್ಮ ಮನೆತನದ ಪದ್ಧತಿಯಂತೆ. ನ್ಯಾಯವಾದ ಪದ್ಧತಿಯೇ ಸರಿ. ಆದರೆ ಎಣಿಸುವವರು ನಮ್ಮಲ್ಲಿಗೆ ಬಂದ ಹಿಂದಿನ ಸಂಜೆ ಅಕ್ಕ ಅಪ್ಪನ ಕಾಲದ ಕತ್ತರಿಯಿಂದ ಹಳೆಯ ಕ್ಯಾಲೆಂಡರಿನ ಚಿತ್ರವೊಂದನ್ನು ಕತ್ತರಿಸಿದ್ದಳು. ಬಟ್ಟೆಯ ಕತ್ತರಿ ಕಾಗದ ಮುಟ್ಟಿದರೆ ಮೊಂಡಾಗುತ್ತದೆಂಬುದು ದರ್ಜಿ ಮನೆಯ ಬೆಕ್ಕಿಗೂ ಗೊತ್ತಿರುವ ವಿಷಯ. ನಾನು ಒಂದಂದೆ, ಅವಳು ನಾಲ್ಕಂದಳು, "ಅಪ್ಪನ ಕತ್ತರಿ ನಿನ್ನೊಬ್ಬನದೇನೋ?" ಎನ್ನುತ್ತಾ ರಸ್ತೆ ದಾಟಿ ಹೋಗಿ, ನನಗೆ ಕೇಳಲೆಂದೇ ತನ್ನ ಬಾಗಿಲನ್ನು ದಡಾರನೆ ಹಾಕಿಕೊಂಡಳು. ಮರುದಿನ ಅವಳೂ ದಾಟಲಿಲ್ಲ, ನಾನೂ ದಾಟಲಿಲ್ಲ.

ಎಣಿಸುವ ಮಹಾಶಯರು ಅಂದು ಇಡೀ ದಿನ ಕೂತಿದ್ದು ನನ್ನ ಅಂಗಡಿಯ ನೆರಳಿನಲ್ಲೇ, ನಾನು ಕೊಟ್ಟ ಸ್ಟೂಲಿನ ಮೇಲೆಯೇ. ಅವರ ಕೈಯಲ್ಲಿ ಒತ್ತಿದರೆ ಟಿಕ್ಕೆನ್ನುವ ಪುಟ್ಟ ಯಂತ್ರವಿತ್ತು; ಅದು ಸಂಜೆಯವರೆಗೂ ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅವರ ಅಂಗಿಯ ಗುಂಡಿ ಕಿತ್ತು ಬಂತು. ಬೇರೆ ದಿನವಾಗಿದ್ದರೆ ಅಂಗಿ ಬಿಚ್ಚಿಸಿಕೊಂಡು ನೆಟ್ಟಗೆ ಅಕ್ಕನಲ್ಲಿಗೆ ಒಯ್ಯುತ್ತಿದ್ದೆ, ಹೋಗುವಾಗೊಂದು ಬರುವಾಗೊಂದು ಎಂದು ಯಂತ್ರ ಎರಡು ಸಲವಾದರೂ ಟಿಕ್ಕೆನ್ನುತ್ತಿತ್ತು. ಹಟಕ್ಕೆ ಬಿದ್ದು ನಾನೇ ಹಚ್ಚಿಕೊಟ್ಟೆ. ಅವರು ಸಂತೋಷಪಟ್ಟು ಸೊನ್ನೆ ಬರೆದುಕೊಂಡು ಹೋದರು. ಅಕ್ಕನೂ ನಾನೂ ಮಾರನೆಯ ಬೆಳಿಗ್ಗೆಯೇ ಒಂದಾದೆವು, ಆದರೆ ಅಷ್ಟು ಹೊತ್ತಿಗೆ ನಮ್ಮ ಮುನಿಸು ಸರ್ಕಾರದ ಲೆಕ್ಕಕ್ಕೆ ಸೇರಿಹೋಗಿತ್ತು. ಈಗ ಅದು ಎದೆಮಟ್ಟದ ಸಿಮೆಂಟಿನ ಗೋಡೆಯಾಗಿ, ಕಪ್ಪು ಹಳದಿ ಬಣ್ಣ ಬಳಿಸಿಕೊಂಡು ನಮ್ಮಿಬ್ಬರ ನಡುವೆ ನಿಂತಿದೆ.

ಕಚೇರಿಗೆ ಹೋಗಿ ಇದನ್ನೆಲ್ಲ ನಿವೇದಿಸಿಕೊಂಡಾಗ, "ಲೆಕ್ಕದ ಪ್ರಕಾರ ಅಲ್ಲಿ ಯಾರೂ ದಾಟೋದಿಲ್ಲವಲ್ರೀ" ಎಂದರು. ಆವತ್ತು ಜಗಳವಾಡಿದ್ದೆವು ಸ್ವಾಮಿ ಎಂದೆ. ಗುಮಾಸ್ತರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತುಂಬ ಮರುಕದಿಂದ, "ಜಗಳಕ್ಕೆ ಇದರಲ್ಲಿ ಕಾಲಂ ಇಲ್ಲ" ಎಂದು ಹೇಳಿ, ಮುಂದಿನ ಎಣಿಕೆ ಹತ್ತು ವರ್ಷದ ನಂತರ ಎಂದು ಧೈರ್ಯ ತುಂಬಿದರು. ಅಕ್ಕನಿಗೆ ಈಗ ಎಪ್ಪತ್ತೊಂದು. ಮಂಡಿ ಎರಡೂ ಮುಷ್ಕರ ಹೂಡಿವೆ.

ಇದರಿಂದ ನನ್ನ ಅಂಗಿಗಳಿಗೆ ದೇಶ ಸಂಚಾರದ ಭಾಗ್ಯ ಒದಗಿತೆಂಬುದನ್ನು ಮಾತ್ರ ಕೃತಜ್ಞತೆಯಿಂದ ನೆನೆಯುತ್ತೇನೆ. ನನ್ನ ಬದಿಯ ಬಸ್ಸಿನ ಕಂಡಕ್ಟರ್ ಅಂಗಿಯ ಗಂಟನ್ನು ಹನ್ನೊಂದು ಕಿಲೋಮೀಟರ್ ಆಚೆಗಿರುವ ಯೂ-ಟರ್ನಿನ ಚಹಾದಂಗಡಿಯಲ್ಲಿ ಇಳಿಸುತ್ತಾನೆ, ವಾಪಸು ಬರುವ ಬಸ್ಸು ಅದನ್ನು ಅಕ್ಕನಿಗೆ ತಲುಪಿಸುತ್ತದೆ. ಅವಳಿಂದ ನನ್ನಲ್ಲಿಗೆ ಬರಲು ಅದು ಇನ್ನೊಂದು ದಿಕ್ಕಿನ, ಇನ್ನೂ ದೂರದ ಯೂ-ಟರ್ನನ್ನು ಸುತ್ತಬೇಕು. ಒಬ್ಬ ಮದುಮಗನ ಅಂಗಿಯಂತೂ ಇಳಿಯುವುದನ್ನು ಮರೆತು ಕೊನೆಯ ನಿಲ್ದಾಣದವರೆಗೆ ಪ್ರಯಾಣ ಬೆಳೆಸಿ, ಮದುವೆಯ ಬೆಳಿಗ್ಗೆ ಗುಂಡಿಯಿಲ್ಲದೆ ಮರಳಿತು. ಫೋಟೋಗಳಲ್ಲೆಲ್ಲ ಆತ ಎದೆಯ ಮೇಲೆ ಕೈಯಿಟ್ಟುಕೊಂಡಿರುವುದನ್ನು ಜನ ವಿನಯವೆಂದು ತಿಳಿದಿದ್ದಾರೆ.

ಇಷ್ಟಾಗಿದ್ದರೆ ನಾನು ತಮ್ಮನ್ನು ತೊಂದರೆಪಡಿಸುತ್ತಿರಲಿಲ್ಲ. ಕಳೆದ ತಿಂಗಳು ನನಗೆ ಜ್ವರ ಬಂದು ಎರಡು ದಿನ ಅಂಗಡಿಯ ಷಟರ್ ಎತ್ತಲಾಗಲಿಲ್ಲ. ಫೋನು ಒಳಗೆ ಬಡಿದುಕೊಳ್ಳುತ್ತಿತ್ತು, ಎತ್ತುವ ಶಕ್ತಿಯಿರಲಿಲ್ಲ. ಮುಚ್ಚಿದ ಷಟರನ್ನು ಎದುರಿನಿಂದ ನೋಡಿ ನೋಡಿ ಅಕ್ಕನ ಜೀವ ತಡೆಯಲಿಲ್ಲ. ಮಾತ್ರೆಯ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಜ ಕಟ್ಟಲು ಕೂರುವ ಸ್ಟೂಲನ್ನು ಡಿವೈಡರಿನ ಬುಡದಲ್ಲಿಟ್ಟು ಅದರ ಮೇಲಿನಿಂದ ಹೇಗೋ ಗೋಡೆ ಏರಿದಳು. ಏರಿದ ಮೇಲೆ ತಿಳಿಯಿತು, ಸ್ಟೂಲು ಆಚೆ ಬದಿಯಲ್ಲೇ ಉಳಿದಿದೆ ಎಂದು. ಹಿಂದಕ್ಕೆ ಇಳಿಯಲು ಮಂಡಿ ಒಪ್ಪದು, ಮುಂದಕ್ಕೆ ಇಳಿಯಲು ಮೆಟ್ಟಿಲಿಲ್ಲ. ಎರಡೂ ಕಡೆ ಲಾರಿಗಳು ಹಾರನ್ ಬಡಿಯುತ್ತಾ ಹಾದುಹೋಗುತ್ತಿದ್ದರೆ ನನ್ನ ಅಕ್ಕ ಸೆರಗು ಬಿಗಿಹಿಡಿದು ಆ ಗೋಡೆಯ ತುದಿಯಲ್ಲಿ, ತಮ್ಮ ನೆತ್ತಿಯ ಮೇಲೆ ಕೂತಿದ್ದಳು. ನಾನು ಕಿಟಕಿಯಿಂದ ನೋಡಿದೆ. ಮಾನ್ಯರೇ, ಜ್ವರ ಬಿಟ್ಟಿದ್ದು ಮಾತ್ರೆಯಿಂದಲ್ಲ, ಆ ಹೆದರಿಕೆಯಿಂದ.

ಕೊನೆಗೆ ಒಬ್ಬ ಪುಣ್ಯಾತ್ಮ ಲಾರಿಯನ್ನು ಅಡ್ಡ ನಿಲ್ಲಿಸಿ ಬಂದು, "ಯಾವ ಕಡೆ ಇಳಿಸಲಮ್ಮಾ?" ಎಂದು ಕೇಳಿದನಂತೆ. "ನನ್ನ ತಮ್ಮನ ಕಡೆಗಪ್ಪಾ" ಎಂದಳಂತೆ. ಅಂದಿನಿಂದ ಅವಳು ಈಚೆ ಬದಿಯಲ್ಲೇ ಇದ್ದಾಳೆ. ಬಸ್ಸಿನಲ್ಲಿ ಸುತ್ತು ಹಾಕಿ ಬಿಟ್ಟುಬರುತ್ತೇನೆಂದರೆ, "ಕಣ್ಣೆದುರಿಗೆ ಕಾಣೋ ಮನೆಗೆ ಬಸ್ ಹತ್ತಿ ಹೋಗೋಕೆ ನನಗೇನು ತಲೆ ಕೆಟ್ಟಿದೆಯಾ?" ಎನ್ನುತ್ತಾಳೆ. ಹೊರಡುವ ಗಡಿಬಿಡಿಯಲ್ಲಿ ಆರಿಸದೆ ಬಂದ ಜಗುಲಿಯ ದೀಪ ಆಚೆಗೆ ಹಗಲೂ ರಾತ್ರಿ ಉರಿಯುತ್ತಿದೆ. ಸಂಜೆ ನನ್ನ ಹೊಸಿಲ ಮೇಲೆ ಕೂತು ಅದನ್ನೇ ನೋಡುತ್ತಾಳೆ.

ಮೊದಲ ವಾರ ಸುಖವಾಗಿಯೇ ಕಳೆಯಿತು. ಮೊನ್ನೆ ಅವಳು ಮತ್ತೆ ಅಪ್ಪನ ಕತ್ತರಿಯಿಂದ ಮಾತ್ರೆಯ ಪೊಟ್ಟಣ ಕತ್ತರಿಸಿದಳು. ನಾನು ಒಂದಂದೆ, ಅವಳು ನಾಲ್ಕಂದಳು, "ನನ್ನ ಮನೆಗೆ ನಾನು ಹೋಗ್ತೀನಿ" ಎಂದು ಚೀಲ ಹಿಡಿದು ಹೊರಟವಳು ತಮ್ಮ ಅಂಚಿನವರೆಗೆ ಹೋಗಿ ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ ಹಿಂದಿರುಗಿ ಬಂದು ನನ್ನ ಬಾಗಿಲನ್ನೇ ಬಡಿದು ಒಳಗೆ ಹೋಗಿ ಮಲಗಿದಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದು ದುಃಖವಾಯಿತು. ಮುನಿಸಿಕೊಂಡು ಹೋಗಲು ತನ್ನದೊಂದು ಮನೆ, ಬಡಿಯಲು ತನ್ನದೊಂದು ಬಾಗಿಲು ಇಲ್ಲದಿದ್ದರೆ, ಮರುದಿನ ಬೆಳಿಗ್ಗೆ ತಾನಾಗಿ ಬರುವ ದೊಡ್ಡತನಕ್ಕೆ ಅವಳು ಎಲ್ಲಿಗೆ ಹೋಗಬೇಕು?

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ: ಇಲ್ಲೊಂದು ಸಂದು ಬಿಡಬೇಕು. "ತಲೆ ತೂರಿಸೋಕೆ ಜಾಗ ಬಿಡದೆ ಯಾರಾದರೂ ಅಂಗಿ ಹೊಲೀತಾರೇನೋ?" ಎಂಬುದು ಅಕ್ಕನ ಅಭಿಪ್ರಾಯ. ಸಂದು ಬಿಡುವುದು ತಮ್ಮ ಘನತೆಗೆ ಕುಂದೆನಿಸಿದರೆ, ಮಧ್ಯಾಹ್ನ ಊಟದ ಹೊತ್ತಿಗೆ ಅರ್ಧ ಗಂಟೆ ತಾವು ಮಗ್ಗುಲು ಬದಲಿಸಿ ಅಕ್ಕನ ಮನೆಯ ಹಿಂದಿನ ಬಯಲಲ್ಲಿ ಮಲಗಬಹುದು. ಕಡಲಿನಿಂದ ಬೆಟ್ಟದವರೆಗೆ ಬಳುಕುತ್ತಾ ಬಂದವರಿಗೆ ಇದೇನೂ ಕಷ್ಟವಾಗಲಾರದು. ಅದೂ ಆಗದಿದ್ದರೆ, ನಾವಿಬ್ಬರೂ ಆ ದಿನದ ಜಗಳವನ್ನು ಮುಗಿಸಿದ್ದೇವೆಂದು ಸಹಿ ಹಾಕಿಕೊಡಲು ಸಿದ್ಧ. ಸದ್ಯಕ್ಕೆ ಸಹಿ ನನ್ನೊಬ್ಬನದೇ ಸಿಗುತ್ತದೆ. ಅಕ್ಕ ಮೊನ್ನೆಯಿಂದ ಮಾತು ಬಿಟ್ಟಿದ್ದಾಳೆ.

ತಮ್ಮ ಈಚೆ ಬದಿಯ ವಿಶ್ವಾಸಿ,
ದರ್ಜಿ

ತಾ.ಕ.: ಮೇಲಿನ ಯಾವುದೂ ಸಾಧ್ಯವಿಲ್ಲದಿದ್ದರೆ, ದೂರದೂರದ ಊರುಗಳ ಹೆಸರು ಬರೆದು ತಾವು ನಿಲ್ಲಿಸುವ ಹಸಿರು ಹಲಗೆಗಳಲ್ಲಿ ಒಂದನ್ನು ನಮಗೂ ದಯಪಾಲಿಸಬೇಕು. "ಅಕ್ಕನ ಮನೆ, ೨೨ ಕಿ.ಮೀ." ಎಂದು ಬರೆಸಿ, ಬಾಣದ ಗುರುತನ್ನು ನಿಯಮದ ಪ್ರಕಾರ ಯೂ-ಟರ್ನಿನ ಕಡೆಗೇ ತಿರುಗಿಸಿ, ನನ್ನ ಅಂಗಡಿಯ ಮುಂದೆ ನೆಡಿಸಿದರೆ ಸಾಕು. ಹಲಗೆಯ ಎತ್ತರವನ್ನು ಮಾತ್ರ ಸ್ವಲ್ಪ ನೋಡಿಕೊಳ್ಳಿ. ಅದು ಅಡ್ಡ ಬಂದರೆ ಅಕ್ಕನಿಗೆ ಮನೆ ಕಾಣುವುದಿಲ್ಲ.